ಸಿಪ್ಯಾಪ್ ಒಗ್ಗದಿದ್ದರೆ ಮುಂದೇನು? ಸ್ಲೀಪ್ ಆಪ್ನಿಯಾಗೆ ಬೇರೆ ಚಿಕಿತ್ಸೆ ಹುಡುಕುವ ಕ್ರಮ

ಮಾಸ್ಕ್ ಮೂಲಕ ಒತ್ತಡದ ಗಾಳಿ ಹರಿಸಿ ನಿದ್ದೆಯಲ್ಲಿ ಗಂಟಲು ತೆರೆದಿಡುವ ಸಿಪ್ಯಾಪ್ ಯಂತ್ರ ಮೂಲೆ ಸೇರಿದ ಮೇಲೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಆನ್‌ಲೈನ್‌ನಲ್ಲಿ ಗೊರಕೆ ನಿಲ್ಲಿಸುವ ಸಾಧನವೊಂದನ್ನು ತರಿಸುತ್ತಾರೆ. ನಾಲ್ಕು ದಿನ ಗೊರಕೆ ತಗ್ಗುತ್ತದೆ, ಪಕ್ಕದಲ್ಲಿ ಮಲಗುವವರಿಗೂ ನಿದ್ದೆ ಬರುತ್ತದೆ, ಕಾಯಿಲೆ ಹೋಯಿತು ಎಂದು ಎಲ್ಲರೂ ನಂಬುತ್ತಾರೆ. ಉಸಿರು ಮಾತ್ರ ಮೊದಲಿನಂತೆಯೇ ನಿಲ್ಲುತ್ತಿರುತ್ತದೆ. ಗೊರಕೆ ಬರೀ ಸದ್ದು. ಆಪ್ನಿಯಾ ಎಂದರೆ ನಿದ್ದೆಯಲ್ಲಿ 10 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಹೊತ್ತು ಉಸಿರು ನಿಲ್ಲುವುದು. ಸದ್ದು ತಗ್ಗಿದ ಮಾತ್ರಕ್ಕೆ ಉಸಿರು ಸರಿಹೋಯಿತು ಎಂದು ಹೇಳಲಾಗದು.

ಸಿಪ್ಯಾಪ್‌ಗೆ ಪರ್ಯಾಯಗಳು ಇವೆ, ಕೆಲವರಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಯಾವುದೂ ಎಲ್ಲರಿಗೂ ಆಗುವುದಿಲ್ಲ. ಗಂಟಲು ಎಲ್ಲಿ, ಯಾವ ಭಂಗಿಯಲ್ಲಿ, ಯಾಕೆ ಮುಚ್ಚಿಕೊಳ್ಳುತ್ತಿದೆ ಎಂದು ಮೊದಲು ತಿಳಿದುಕೊಂಡು ಆಮೇಲೆ ಸಾಧನ ಆರಿಸಬೇಕು. ಹಳೆಯ ಚಿಕಿತ್ಸೆ ಬಿಡುವುದು ಎಲ್ಲಕ್ಕಿಂತ ಕೊನೆಗೆ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಮೊದಲು ಯಂತ್ರ ಬಿಡುತ್ತಾರೆ, ಆಮೇಲೆ ಸಾಧನ ಕೊಳ್ಳುತ್ತಾರೆ, ವರದಿಯನ್ನು ತೆರೆದೇ ನೋಡುವುದಿಲ್ಲ.

## ಕೈಯಲ್ಲಿ ಇರಬೇಕಾದವು

ನಿಮ್ಮ ಸ್ಲೀಪ್ ಸ್ಟಡಿಯ, ಅಂದರೆ ನಿದ್ದೆಯಲ್ಲಿ ಉಸಿರಾಟ ದಾಖಲಿಸುವ ಪರೀಕ್ಷೆಯ, ಪೂರ್ತಿ ವರದಿ ಬೇಕು. ಕೊನೆಯ ಪುಟದ ಎರಡು ಸಾಲಿನ ಷರಾ ಸಾಲದು, ಭಂಗಿವಾರು ಅಂಕಿಗಳಿರುವ ಪುಟ ಮುಖ್ಯ. ಸಿಪ್ಯಾಪ್ ಯಂತ್ರದ ಕಾರ್ಡ್‌ನಲ್ಲೋ ಆ್ಯಪ್‌ನಲ್ಲೋ ಇರುವ ಕಳೆದ 30 ದಿನಗಳ ದತ್ತಾಂಶ, ಈಗ ಸೇವಿಸುತ್ತಿರುವ ಔಷಧಗಳ ಪಟ್ಟಿ, ಇವತ್ತಿನ ತೂಕ ಮತ್ತು ಎತ್ತರ ಕೂಡ ಬೇಕು. ವರದಿಗೆ ಕೆಲವು ವರ್ಷ ತುಂಬಿದ್ದರೆ, ಅಥವಾ ಆಮೇಲೆ ತೂಕ ಗಣನೀಯವಾಗಿ ಬದಲಾಗಿದ್ದರೆ ಹೊಸ ಪರೀಕ್ಷೆ ಮಾಡಿಸಿ. ಹಳೆಯ ಅಂಕಿಯನ್ನು ನಂಬಿ ಹೊಸ ಚಿಕಿತ್ಸೆ ಆರಿಸುವುದು ಹಣಕ್ಕೂ ನಷ್ಟ, ಆರೋಗ್ಯಕ್ಕೂ ನಷ್ಟ.

## ಯಾರು ಸ್ವಂತ ನಿರ್ಧಾರದಿಂದ ಯಂತ್ರ ಬಿಡಬಾರದು

ಹೃದಯ ವೈಫಲ್ಯ, ಹೃದಯದ ಲಯ ತಪ್ಪುವ ತೊಂದರೆ, ಹಿಂದೆ ಪಾರ್ಶ್ವವಾಯು ಆಗಿರುವುದು, ತೀವ್ರ ಶ್ವಾಸಕೋಶದ ಕಾಯಿಲೆ, ಬೊಜ್ಜಿನ ಜೊತೆಗೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವ ಸ್ಥಿತಿ, ನಿತ್ಯ ಓಪಿಯಾಯ್ಡ್ ನೋವುನಿವಾರಕ ಸೇವನೆ: ಇವುಗಳಲ್ಲಿ ಒಂದಿದ್ದರೂ ಮುಂದಿನ ಪ್ರತಿ ಹೆಜ್ಜೆ ನಿದ್ರಾ ತಜ್ಞರ ಮೇಲ್ವಿಚಾರಣೆಯಲ್ಲೇ ನಡೆಯಬೇಕು. ವಾಹನ ಅಥವಾ ಭಾರಿ ಯಂತ್ರ ಓಡಿಸುವವರಿಗೂ ಇದೇ ಮಾತು. ಸಿಪ್ಯಾಪ್ ನಿಲ್ಲಿಸಿದರೆ ಉಸಿರುತಡೆ ಕೆಲವೇ ದಿನಗಳಲ್ಲಿ ಹಿಂದಿರುಗುತ್ತದೆ. ‘ಒಂದು ವರ್ಷ ಹಾಕಿದ್ದೇನಲ್ಲ, ಸ್ವಲ್ಪ ಕಾಲ ತಡೆದೀತು’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

## ಹಂತ 1: ಯಂತ್ರ ಒಗ್ಗದಿದ್ದುದಕ್ಕೆ ಕಾರಣ ಪತ್ತೆ ಮಾಡಿ

ಈ ಹಂತವನ್ನು ಹಾರಿಸಬೇಡಿ. ಸಿಪ್ಯಾಪ್ ಆಗುವುದೇ ಇಲ್ಲ ಎನ್ನುವ ಎಷ್ಟೋ ಮಂದಿಗೆ ಆಗದಿರುವುದು ಮಾಸ್ಕ್ ಮಾತ್ರ.

ಮೊದಲು ಸೋರಿಕೆಯ ಅಂಕಿ ನೋಡಿ. ಹಲವು ಯಂತ್ರಗಳು ನಿಮಿಷಕ್ಕೆ 24 ಲೀಟರ್ ದಾಟಿದರೆ ಸೋರಿಕೆ ಹೆಚ್ಚೆಂದು ತೋರಿಸುತ್ತವೆ. ಸೋರುತ್ತಿದ್ದರೆ ಪಟ್ಟಿಗಳನ್ನು ಕೂತು ಬಿಗಿಯಬೇಡಿ. ಮಲಗಿ, ಗಾಳಿ ಹರಿಯುತ್ತಿರುವಾಗಲೇ ಸರಿಪಡಿಸಿ, ಏಕೆಂದರೆ ಮಲಗಿದಾಗ ಮುಖದ ಆಕಾರವೇ ಬೇರೆ. ಬಾಯಿ ಒಣಗಿದರೆ ಬಾಯಿಂದ ಗಾಳಿ ಸೋರುತ್ತಿದೆ ಎಂದರ್ಥ. ಮೂಗಿನ ಕಟ್ಟುವಿಕೆಗೆ ಚಿಕಿತ್ಸೆ ಪಡೆಯಿರಿ, ಇಲ್ಲವೇ ಬಾಯಿ ಮೂಗು ಎರಡನ್ನೂ ಮುಚ್ಚುವ ಮಾಸ್ಕ್‌ಗೆ ಬದಲಾಯಿಸಿ. ಮೂಗು ಉರಿದರೆ ಗಾಳಿಗೆ ತೇವ ಸೇರಿಸುವ ಆರ್ದ್ರಕದ ಮಟ್ಟವನ್ನು ಒಂದೊಂದೇ ಅಂಕ ಏರಿಸಿ.

ಉಸಿರು ಹೊರಬಿಡಲು ಕಷ್ಟವಾದರೆ ಹೊರಉಸಿರಿನ ಒತ್ತಡ ತಗ್ಗಿಸುವ ಸೌಲಭ್ಯ ಯಂತ್ರದಲ್ಲೇ ಇದೆಯೇ ನೋಡಿ. ಒತ್ತಡ ತಾನೇ ಹೊಂದಿಸಿಕೊಳ್ಳುವ ಎಪ್ಯಾಪ್ ಯಂತ್ರವನ್ನೋ, ಒಳಉಸಿರಿಗೆ ಒಂದು, ಹೊರಉಸಿರಿಗೆ ಇನ್ನೊಂದು ಒತ್ತಡ ಕೊಡುವ ಬೈಪ್ಯಾಪನ್ನೋ ಕೆಲವು ವಾರಗಳ ಮಟ್ಟಿಗೆ ಪ್ರಯತ್ನಿಸಬಹುದೇ ಎಂದು ವೈದ್ಯರನ್ನು ಕೇಳಿ. ಮಾಸ್ಕ್ ಹಾಕಿದೊಡನೆ ಗಾಬರಿಯಾಗುವವರು ಹಗಲಲ್ಲಿ ಎಚ್ಚರವಿದ್ದಾಗ, ಗಾಳಿಯಿಲ್ಲದೆ, ದಿನಕ್ಕೆ 20–30 ನಿಮಿಷ ಮುಖಕ್ಕೆ ಹಿಡಿದು ಅಭ್ಯಾಸ ಮಾಡಿ. ಅದು ಸಲೀಸಾದ ಮೇಲೆ ಗಾಳಿ ಹಾಕಿ, ಆಮೇಲೆ ಹಗಲು ನಿದ್ದೆಯಲ್ಲಿ, ಕಡೆಗೆ ರಾತ್ರಿ.

ಯಂತ್ರ ಹಾಕಿಕೊಂಡಾಗಲೂ ಎಎಚ್‌ಐ (ಗಂಟೆಗೆ ಉಸಿರು ನಿಲ್ಲುವ ಅಥವಾ ಕುಗ್ಗುವ ಸಲಗಳ ಲೆಕ್ಕ) 5ಕ್ಕಿಂತ ಮೇಲೇ ಉಳಿದಿದ್ದರೆ ಅದರಲ್ಲಿ ಸೆಂಟ್ರಲ್ ಘಟನೆಗಳು, ಅಂದರೆ ಮಿದುಳಿನ ಸೂಚನೆ ಬಾರದೆ ಉಸಿರು ನಿಂತವು, ಎಷ್ಟು ಎಂದು ನೋಡಿಸಿ. ಅವು ಹೆಚ್ಚಿದ್ದರೆ ದಾರಿಯೇ ಬದಲಾಗುತ್ತದೆ.

## ಹಂತ 2: ವರದಿಯಲ್ಲಿ ನಾಲ್ಕು ಅಂಕಿ ಗುರುತು ಹಾಕಿ

ಒಂದನೆಯದು ಎಎಚ್‌ಐ, ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ. ವಯಸ್ಕರಲ್ಲಿ 5ರಿಂದ 15ರೊಳಗೆ ಸೌಮ್ಯ, 15ರಿಂದ 30ರೊಳಗೆ ಮಧ್ಯಮ, 30 ಮತ್ತು ಮೇಲೆ ತೀವ್ರ. ಮನೆಯಲ್ಲಿ ಮಾಡುವ ಹಲವು ಪರೀಕ್ಷೆಗಳು ನಿದ್ದೆಯ ಹೊತ್ತನ್ನು ಅಳೆಯದೆ ದಾಖಲಾದ ಒಟ್ಟು ಹೊತ್ತಿನಿಂದ ಭಾಗಿಸುತ್ತವೆ. ಆ ರಾತ್ರಿ ನಿದ್ದೆ ಬಾರದೆ ಹೊರಳಾಡಿದ್ದರೆ ಕಾಯಿಲೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಎರಡನೆಯದು ಸೆಂಟ್ರಲ್ ಘಟನೆಗಳ ಪಾಲು. ಇಲ್ಲಿ ಗಂಟಲು ತೆರೆದೇ ಇರುತ್ತದೆ, ಉಸಿರಾಡು ಎಂಬ ಸೂಚನೆ ಮಿದುಳಿನಿಂದ ಬರುವುದಿಲ್ಲ. ದವಡೆ ಸಾಧನ, ನಾಲಿಗೆ ವ್ಯಾಯಾಮ, ಗಂಟಲಿನ ಶಸ್ತ್ರಚಿಕಿತ್ಸೆ ಯಾವುದೂ ಇದನ್ನು ಮುಟ್ಟುವುದಿಲ್ಲ. ಈ ಬಗೆಯೇ ಪ್ರಧಾನವಾಗಿದ್ದರೆ ಮುಂದಿನ ಹಂತಗಳನ್ನು ಬದಿಗಿಟ್ಟು ಹೃದಯ ಮತ್ತು ನರ ಸಂಬಂಧಿ ಕಾರಣಗಳನ್ನು ನೋಡಿಸಿ.

ಮೂರನೆಯದು ಆಮ್ಲಜನಕ: ಎಷ್ಟರವರೆಗೆ ಕುಸಿಯಿತು, 90%ಗಿಂತ ಕೆಳಗೆ ಎಷ್ಟು ಹೊತ್ತು ಇತ್ತು. ಒಂದೇ ಎಎಚ್‌ಐ ಇರುವ ಇಬ್ಬರಲ್ಲಿ ಈ ಹೊತ್ತು ತೀರಾ ಬೇರೆಯಾಗಿರಬಹುದು. ದೀರ್ಘ ಕುಸಿತ ಇರುವವರು ಅರೆಬರೆ ಪರಿಣಾಮದ ಪರ್ಯಾಯಕ್ಕೆ ಒಪ್ಪಬಾರದು.

ನಾಲ್ಕನೆಯದು ಭಂಗಿವಾರು ಎಎಚ್‌ಐ. ಇದನ್ನೇ ಹೆಚ್ಚಿನವರು ನೋಡದೆ ಬಿಡುವುದು. ಒಂದು ಲೆಕ್ಕ ಹಾಕೋಣ. ಒಟ್ಟು ಎಎಚ್‌ಐ 18, ಅಂಗಾತ ಮಲಗಿದಾಗ 34, ಮಗ್ಗುಲಾದಾಗ 4. ಈ ವ್ಯಕ್ತಿಯ ಕಾಯಿಲೆ ಬಹುಮಟ್ಟಿಗೆ ಭಂಗಿಯದು. ಇನ್ನೊಬ್ಬರಿಗೆ ಅಂಗಾತ 36, ಮಗ್ಗುಲು 21. ಇವರು ಇಡೀ ರಾತ್ರಿ ಮಗ್ಗುಲಲ್ಲೇ ಕಳೆದರೂ ಮಧ್ಯಮ ಮಟ್ಟದ ಕಾಯಿಲೆ ಹಾಗೇ ಉಳಿಯುತ್ತದೆ. ಪರೀಕ್ಷೆಯ ರಾತ್ರಿ ಅಂಗಾತ ಮಲಗಿದ್ದೇ ಹತ್ತು ನಿಮಿಷವಾಗಿದ್ದರೆ ಈ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

## ಹಂತ 3: ಮೂಗು, ಗಂಟಲು, ಹಲ್ಲು ತೋರಿಸಿ

ಕಿವಿ, ಮೂಗು, ಗಂಟಲು ತಜ್ಞರು ಮೂಗಿನ ನಡುಗೋಡೆ ವಾಲಿದೆಯೇ, ಟಾನ್ಸಿಲ್ ಎಷ್ಟು ದೊಡ್ಡದಿದೆ, ನಾಲಿಗೆಯ ಬುಡ ಹಿಂದೆ ಎಷ್ಟು ಜಾಗ ಬಿಟ್ಟಿದೆ ಎಂದು ನೋಡುತ್ತಾರೆ. ದಂತವೈದ್ಯರು ಹಲ್ಲು, ವಸಡು, ದವಡೆ ಕೀಲು ನೋಡುತ್ತಾರೆ. ಎರಡೂ ಭೇಟಿ ಒಂದೇ ತಿಂಗಳಲ್ಲಿ ಮುಗಿದರೆ ಒಳ್ಳೆಯದು. ಒಬ್ಬರನ್ನೇ ಕಂಡರೆ ಅವರ ಕೈಯಲ್ಲಿರುವ ಚಿಕಿತ್ಸೆಯೇ ನಿಮಗೆ ಸಿಗುವ ಸಂಭವ ಹೆಚ್ಚು.

## ಹಂತ 4: ಎಲ್ಲರೂ ಮೊದಲು ಸರಿಪಡಿಸಬೇಕಾದವು

ಮಲಗುವ ಮುಂಚಿನ 3–4 ಗಂಟೆಯಲ್ಲಿ ಮದ್ಯ ಬೇಡ. ಅದು ಗಂಟಲಿನ ಸ್ನಾಯು ಸಡಿಲಿಸುತ್ತದೆ, ಉಸಿರು ನಿಂತಾಗ ಎಚ್ಚರಾಗುವುದನ್ನೂ ತಡಮಾಡುತ್ತದೆ. ನಿದ್ದೆ ಮಾತ್ರೆ, ಸ್ನಾಯು ಸಡಿಲಿಸುವ ಮಾತ್ರೆ, ಓಪಿಯಾಯ್ಡ್‌ಗಳ ಬಗ್ಗೆ ಬರೆದುಕೊಟ್ಟ ವೈದ್ಯರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ಅಲರ್ಜಿಯಿಂದ ಮೂಗು ಕಟ್ಟುತ್ತಿದ್ದರೆ ಸ್ಟೀರಾಯ್ಡ್ ಮೂಗಿನ ಸ್ಪ್ರೇ ನೆರವಾಗುತ್ತದೆ, ಅದರ ಪೂರ್ತಿ ಗುಣ ತಿಳಿಯಲು ಒಂದೆರಡು ವಾರ ಬೇಕು.

ದಿಂಬಿನ ಮೇಲೆ ದಿಂಬು ಪೇರಿಸುವುದು ಸಾಮಾನ್ಯ ತಪ್ಪು. ಅದರಿಂದ ಕತ್ತು ಮುಂದಕ್ಕೆ ಮಡಚಿ ಗಂಟಲು ಇನ್ನೂ ಕಿರಿದಾಗುತ್ತದೆ. ಎತ್ತರ ಬೇಕಿದ್ದರೆ ಸೊಂಟದಿಂದ ತಲೆಯವರೆಗೆ ಒಂದೇ ಇಳಿಜಾರಾಗಿ ಏರುವ ದಿಂಬು ಬಳಸಿ, ಇಲ್ಲವೇ ಮಂಚದ ತಲೆಭಾಗವನ್ನೇ ಎತ್ತರಿಸಿ.

## ಹಂತ 5: ಭಂಗಿಯ ಚಿಕಿತ್ಸೆ

ಅಂಗಾತದ ಎಎಚ್‌ಐ ಮಗ್ಗುಲಿನದಕ್ಕಿಂತ ಎರಡು ಪಟ್ಟು ಅಥವಾ ಹೆಚ್ಚಿದ್ದು, ಮಗ್ಗುಲಿನದು 5ರ ಆಸುಪಾಸು ಇದ್ದರೆ ಇಲ್ಲಿಂದ ಆರಂಭಿಸಿ. ಅಂಗಿಯ ಬೆನ್ನಿಗೆ ಚೆಂಡು ಹೊಲಿಯುವ ಹಳೆಯ ಉಪಾಯ ಕೆಲಸ ಮಾಡುತ್ತದೆ, ಆದರೆ ಬೆನ್ನು ನೋಯುತ್ತದೆಂದು ಬಹುತೇಕರು ಕೆಲವು ತಿಂಗಳಲ್ಲಿ ಬಿಟ್ಟುಬಿಡುತ್ತಾರೆ. ಕತ್ತಿಗೆ ಅಥವಾ ಎದೆಗೆ ಕಟ್ಟುವ, ಅಂಗಾತವಾದೊಡನೆ ನಡುಗುವ ಸಾಧನಗಳನ್ನು ಹೆಚ್ಚು ಕಾಲ ಬಳಸಲು ಸಾಧ್ಯ. ಮೊದಲ ರಾತ್ರಿಯೇ ಪೂರ್ತಿ ನಡುಕ ಬೇಡ, ಒಂದು ವಾರದಲ್ಲಿ ಮೆಲ್ಲಗೆ ಏರಿಸಿ.

ದೇಹ ಮಗ್ಗುಲಿದ್ದು ತಲೆ ಮಾತ್ರ ಮೇಲ್ಮುಖವಾಗಿದ್ದರೆ ಅರ್ಧ ಲಾಭ ಹೋದಂತೆ. ಭುಜದ ಅಗಲಕ್ಕೆ ಸರಿಹೊಂದುವ ಎತ್ತರದ ದಿಂಬು ಇಟ್ಟರೆ ಕತ್ತು ನೇರ ನಿಲ್ಲುತ್ತದೆ. ಭುಜ ನೋವು ಇರುವವರಿಗೆ ಈ ದಾರಿ ಬೇಗ ಬೇಸರ ತರಿಸುತ್ತದೆ.

## ಹಂತ 6: ದವಡೆ ಮುಂದೂಡುವ ಸಾಧನ

ಸೌಮ್ಯ ಮತ್ತು ಮಧ್ಯಮ ಆಪ್ನಿಯಾಗೆ ಸಿಪ್ಯಾಪ್ ನಂತರ ಹೆಚ್ಚು ಬಳಕೆಯಲ್ಲಿರುವ ಚಿಕಿತ್ಸೆ ಇದು. ಮೇಲಿನ ಮತ್ತು ಕೆಳಗಿನ ಹಲ್ಲುಗಳಿಗೆ ಕೂರುವ ಎರಡು ಅಚ್ಚುಗಳು ಕೆಳದವಡೆಯನ್ನು ಮುಂದೆ ಹಿಡಿದಿಡುತ್ತವೆ, ಅದರೊಂದಿಗೆ ನಾಲಿಗೆಯ ಬುಡವೂ ಮುಂದೆ ಬರುತ್ತದೆ. ಎಎಚ್‌ಐ ತಗ್ಗಿಸುವುದರಲ್ಲಿ ಸಿಪ್ಯಾಪೇ ಮೇಲು. ಆದರೆ ಸಾಧನವನ್ನು ಜನ ರಾತ್ರಿಯಿಡೀ ಹಾಕಿಕೊಳ್ಳುತ್ತಾರೆ, ಯಂತ್ರವನ್ನು ನಡುರಾತ್ರಿ ಕಿತ್ತಿಡುತ್ತಾರೆ. ಕೊನೆಯ ಫಲದಲ್ಲಿ ಅಂತರ ಕಿರಿದಾಗುವುದು ಇದರಿಂದಲೇ.

ಯಾರಿಗೆ ಆಗುತ್ತದೆ? ಪ್ರತಿ ದವಡೆಯಲ್ಲೂ ಸುಮಾರು 8–10 ಗಟ್ಟಿ ಹಲ್ಲುಗಳಿರಬೇಕು, ಕೆಳದವಡೆಯನ್ನು ಕನಿಷ್ಠ 5 ಮಿ.ಮೀ. ಮುಂದೆ ತರಲು ಬರಬೇಕು. ಅಲುಗಾಡುವ ಹಲ್ಲು, ವಸಡಿನ ಸೋಂಕು, ಬಾಯಿ ತೆರೆದಾಗ ಕೀಲಿನಲ್ಲಿ ತೀವ್ರ ನೋವು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಹಲ್ಲೇ ಇಲ್ಲದವರಿಗೆ ನಾಲಿಗೆಯನ್ನು ಹೀರಿ ಮುಂದೆ ಹಿಡಿಯುವ ಬೇರೆ ಸಾಧನವಿದೆ. ಅದಕ್ಕೆ ಒಗ್ಗಿಕೊಳ್ಳಲು ತಾಳ್ಮೆ ಬೇಕು.

ಬಿಸಿನೀರಿನಲ್ಲಿ ಮೆತ್ತಗಾಗಿಸಿ ಕಚ್ಚುವ ಸಿದ್ಧ ಸಾಧನಗಳನ್ನು ಕಾಯಂ ಚಿಕಿತ್ಸೆಯೆಂದು ಕೊಳ್ಳಬೇಡಿ. ಅವು ರಾತ್ರಿ ಜಾರುತ್ತವೆ, ಹಲವನ್ನು ಮಿ.ಮೀ. ಲೆಕ್ಕದಲ್ಲಿ ಹೊಂದಿಸಲು ಬರುವುದಿಲ್ಲ. ಅಂಥದ್ದು ಫಲ ಕೊಡದಿದ್ದರೆ ‘ದವಡೆ ಸಾಧನ ನನಗಾಗದು’ ಎಂದು ತೀರ್ಮಾನಿಸಲೂಬೇಡಿ. ನಿದ್ರಾ ಚಿಕಿತ್ಸೆಯಲ್ಲಿ ತರಬೇತಾದ ದಂತವೈದ್ಯರು ಅಚ್ಚು ತೆಗೆದು ಮಾಡಿಸುವ, ತಿರುಪಿನಿಂದಲೋ ಪಟ್ಟಿಯಿಂದಲೋ ಹೊಂದಿಸಬಹುದಾದ ಸಾಧನವೇ ಬೇಕು.

ಹೊಂದಿಸುವ ಕ್ರಮ ಹೀಗೆ. ದವಡೆ ಗರಿಷ್ಠ ಎಷ್ಟು ಮುಂದೆ ಬರುತ್ತದೆಯೋ ಅದರ ಅರ್ಧ ಅಥವಾ ತುಸು ಹೆಚ್ಚಿನಿಂದ ಶುರು. ಗರಿಷ್ಠ 10 ಮಿ.ಮೀ. ಆದರೆ 5–6 ಮಿ.ಮೀ. ಮೊದಲ ವಾರ ಹಾಕಿ ಅಭ್ಯಾಸ ಮಾಡಿಕೊಳ್ಳುವುದಷ್ಟೇ. ಆಮೇಲೆ ದಂತವೈದ್ಯರು ಹೇಳಿದ ಅಳತೆಯಲ್ಲಿ, ಸಾಮಾನ್ಯವಾಗಿ ವಾರಕ್ಕೆ 0.5 ಮಿ.ಮೀ.ನಷ್ಟು, ಮುಂದೂಡಿ. ನೋವು ಬಂದರೆ ಒಂದು ಹೆಜ್ಜೆ ಹಿಂದೆ ಬಂದು ವಾರ ಕಾಯಿರಿ. ಬೇಗ ಫಲ ಬರಲೆಂದು ಒಂದೇ ರಾತ್ರಿ 2 ಮಿ.ಮೀ. ತಿರುಗಿಸಿದವರು ಕೀಲು ನೋವಿನಿಂದ ಸಾಧನವನ್ನೇ ಬಿಡುತ್ತಾರೆ. ಲಕ್ಷಣಗಳು ತಗ್ಗಿ, ಇನ್ನು ಮುಂದೂಡಿದರೆ ಹಿಂಸೆ ಎನ್ನುವ ಜಾಗದಲ್ಲಿ ನಿಲ್ಲಿಸಿ, ಸಾಧನ ಹಾಕಿಕೊಂಡೇ ಸ್ಲೀಪ್ ಸ್ಟಡಿ ಮಾಡಿಸಿ.

ಮೊದಲ ವಾರಗಳಲ್ಲಿ ಜೊಲ್ಲು ಸುರಿಯುವುದು, ಬೆಳಿಗ್ಗೆ ದವಡೆ ಬಿಗಿಯುವುದು ಸಹಜ. ಎದ್ದ ಮೇಲೆ ಹಲ್ಲುಗಳನ್ನು ಮೊದಲಿನ ಕಚ್ಚಿಗೆ (ಮೇಲಿನ, ಕೆಳಗಿನ ಹಲ್ಲುಗಳು ಕೂಡುವ ರೀತಿಗೆ) ತರುವ ಚಿಕ್ಕ ಅಚ್ಚನ್ನು ವೈದ್ಯರು ಹೇಳಿದಷ್ಟು ಹೊತ್ತು ಕಚ್ಚಿ. ಮಧ್ಯಾಹ್ನವಾದರೂ ಹಿಂದಿನ ಹಲ್ಲುಗಳು ಒಂದಕ್ಕೊಂದು ತಾಗದಿದ್ದರೆ ಅದು ಎಚ್ಚರಿಕೆ, ತಡಮಾಡದೆ ತೋರಿಸಿ. ವರ್ಷಗಟ್ಟಲೆ ಬಳಸಿದವರಲ್ಲಿ ಕಚ್ಚು ಸ್ವಲ್ಪ ಬದಲಾಗುತ್ತದೆ, ಇದು ಮೊದಲೇ ಗೊತ್ತಿರಲಿ. ತೊಳೆಯಲು ತಣ್ಣೀರು, ಮೆತ್ತನೆ ಬ್ರಷ್ ಸಾಕು. ಬಿಸಿನೀರು ಅಚ್ಚನ್ನು ಸೊಟ್ಟಗಾಗಿಸುತ್ತದೆ, ಟೂತ್‌ಪೇಸ್ಟ್ ಗೀರು ಬೀಳಿಸುತ್ತದೆ.

## ಹಂತ 7: ನಾಲಿಗೆ ಮತ್ತು ಗಂಟಲಿನ ವ್ಯಾಯಾಮ

ಇದು ಪೂರಕ ಚಿಕಿತ್ಸೆ. ಮಧ್ಯಮ ಆಪ್ನಿಯಾ ಇರುವವರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 3 ತಿಂಗಳ ವ್ಯಾಯಾಮದ ನಂತರ ಸರಾಸರಿ ಎಎಚ್‌ಐ 22.4ರಿಂದ 13.7ಕ್ಕೆ ಇಳಿಯಿತು. ಇಳಿದದ್ದು ನಿಜ, ಗುಣವಾಗಿಲ್ಲ.

1. ನಾಲಿಗೆಯ ತುದಿಯನ್ನು ಮೇಲಿನ ಮುಂಹಲ್ಲುಗಳ ಹಿಂದೆ ಇಟ್ಟು, ಅಂಗುಳಕ್ಕೆ ತಾಗಿಸಿಕೊಂಡೇ ಹಿಂದಕ್ಕೆ ಎಳೆಯಿರಿ: 20 ಸಲ.
2. ಇಡೀ ನಾಲಿಗೆಯನ್ನು ಅಂಗುಳಕ್ಕೆ ಹೀರಿ ಒತ್ತಿ ಹಿಡಿಯಿರಿ: 20 ಸಲ.
3. ತುದಿ ಕೆಳಗಿನ ಮುಂಹಲ್ಲಿಗೆ ತಾಗಿರಲಿ, ನಾಲಿಗೆಯ ಹಿಂಭಾಗವನ್ನು ಬಾಯಿಯ ತಳಕ್ಕೆ ಒತ್ತಿ: 20 ಸಲ.
4. ‘ಆ’ ಎನ್ನುತ್ತಾ ಕಿರುನಾಲಿಗೆ ಮತ್ತು ಮೃದು ಅಂಗುಳವನ್ನು ಮೇಲೆತ್ತಿ: 20 ಸಲ. ಕನ್ನಡಿಯಲ್ಲಿ ಅದು ಏರುವುದು ಕಾಣಬೇಕು.
5. ಬೆರಳಿನಿಂದ ಕೆನ್ನೆಯನ್ನು ಒಳಗಿನಿಂದ ಹೊರಕ್ಕೆ ತಳ್ಳಿ, ಕೆನ್ನೆಯ ಸ್ನಾಯುವಿನಿಂದ ತಡೆಯಿರಿ: ಪ್ರತಿ ಬದಿಗೆ 10 ಸಲ.

ಒಂದು ಸುತ್ತಿಗೆ ಸುಮಾರು 8 ನಿಮಿಷ, ದಿನಕ್ಕೆ 3 ಸುತ್ತು, ಕನಿಷ್ಠ 3 ತಿಂಗಳು. ಎರಡು ವಾರಕ್ಕೆ ಬಿಡುವವರೇ ಹೆಚ್ಚು, ಅಷ್ಟರಲ್ಲಿ ಏನೂ ಬದಲಾಗಿರುವುದಿಲ್ಲ.

## ಹಂತ 8: ತೂಕ

ಹೆಚ್ಚು ತೂಕ ಇರುವವರಲ್ಲಿ ಮೂಲಕ್ಕೇ ಕೈಹಾಕುವ ಚಿಕಿತ್ಸೆ ಇದು, ಆದರೆ ನಿಧಾನ. 2000ದಲ್ಲಿ ಪ್ರಕಟವಾದ ಅಮೆರಿಕದ ವಿಸ್ಕಾನ್ಸಿನ್ ಅಧ್ಯಯನದಲ್ಲಿ ತೂಕ 10% ಇಳಿದವರಲ್ಲಿ ಎಎಚ್‌ಐ ಸುಮಾರು 26% ಇಳಿದಿತ್ತು, 10% ಏರಿದವರಲ್ಲಿ ಸುಮಾರು 32% ಏರಿತ್ತು. ಗಂಟೆಗೆ 40 ಇದ್ದವರು 10% ಇಳಿಸಿದರೆ ಈ ಲೆಕ್ಕದಲ್ಲಿ 30ರ ಹತ್ತಿರ ಬರುತ್ತಾರೆ, ಅಂದರೆ ಚಿಕಿತ್ಸೆ ಇನ್ನೂ ಬೇಕು. ತೂಕ ಇಳಿಯುವವರೆಗೂ ಬೇರೊಂದು ಚಿಕಿತ್ಸೆ ನಡೆಯುತ್ತಿರಲೇಬೇಕು.

ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಡಿಸೆಂಬರ್‌ನಲ್ಲಿ, ಬೊಜ್ಜು ಇರುವ ವಯಸ್ಕರ ಮಧ್ಯಮದಿಂದ ತೀವ್ರ ಆಪ್ನಿಯಾಗೆ ಒಪ್ಪಿಗೆ ನೀಡಿತು. ವಾರಕ್ಕೊಮ್ಮೆ, 2.5 ಮಿ.ಗ್ರಾಂ.ನಿಂದ ಆರಂಭಿಸಿ ಹಂತಹಂತವಾಗಿ ಏರಿಸುತ್ತಾರೆ. ಆಹಾರ ನಿಯಂತ್ರಣ, ವ್ಯಾಯಾಮ ಜೊತೆಗಿರಬೇಕು. 52 ವಾರಗಳ ಪ್ರಯೋಗಗಳಲ್ಲಿ ಎಎಚ್‌ಐ ಗಂಟೆಗೆ ಸರಾಸರಿ 25–29 ಘಟನೆಗಳಷ್ಟು ಇಳಿದಿತ್ತು. ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ತಮಗೋ ಮನೆತನದಲ್ಲೋ ಇದ್ದವರು ಇದನ್ನು ತೆಗೆದುಕೊಳ್ಳಬಾರದು. ತೆಳ್ಳಗಿರುವ ರೋಗಿಗಳಿಗೆ ಈ ಹಂತವೇ ಅನ್ವಯಿಸದು, ಅವರ ತೊಂದರೆ ಬಹಳ ಸಲ ದವಡೆಯ ರಚನೆಯಲ್ಲಿರುತ್ತದೆ.

## ಹಂತ 9: ಶಸ್ತ್ರಚಿಕಿತ್ಸೆ ಮತ್ತು ನರ ಪ್ರಚೋದಕ

ಶಸ್ತ್ರಚಿಕಿತ್ಸೆಗೆ ಮೊದಲು ಕೇಳಬೇಕಾದ ಪರೀಕ್ಷೆ ಒಂದಿದೆ: ಔಷಧ ಕೊಟ್ಟು ನಿದ್ದೆಯಂಥ ಸ್ಥಿತಿ ತಂದು, ಮೂಗಿನಿಂದ ಕ್ಯಾಮೆರಾ ಇಳಿಸಿ ಗಂಟಲು ಎಲ್ಲಿ ಕುಸಿಯುತ್ತದೆ ಎಂದು ನೋಡುವ ಎಂಡೋಸ್ಕೋಪಿ. ಎಚ್ಚರವಿದ್ದಾಗ ಬಾಯಿ ತೆರೆಸಿ ನೋಡಿದಷ್ಟಕ್ಕೇ ಕಿರುನಾಲಿಗೆ ಕತ್ತರಿಸೋಣ ಎಂದರೆ ಎರಡನೆಯ ಅಭಿಪ್ರಾಯ ಪಡೆಯಿರಿ. ಕಿರುನಾಲಿಗೆ ಮತ್ತು ಮೃದು ಅಂಗುಳ ಕತ್ತರಿಸುವ ಯುಪಿಪಿಪಿಯ ಫಲ ಒಬ್ಬರಿಂದೊಬ್ಬರಿಗೆ ಬಹಳ ಬೇರೆ. ಫಲಿಸದೆ ಮತ್ತೆ ಸಿಪ್ಯಾಪ್‌ಗೆ ಮರಳಿದವರಲ್ಲಿ ಬಾಯಿಯಿಂದ ಗಾಳಿ ಸೋರುವ ತೊಂದರೆಯೂ ಸೇರಿಕೊಳ್ಳಬಹುದು. ಟಾನ್ಸಿಲ್ ತೀರಾ ದೊಡ್ಡದಿದ್ದವರ ಮಾತು ಬೇರೆ, ಅವರಿಗೆ ಅದನ್ನು ತೆಗೆಸುವುದರಿಂದಲೇ ಒಳ್ಳೆಯ ಗುಣ ಕಾಣುತ್ತದೆ. ಮಕ್ಕಳಲ್ಲಿ ಟಾನ್ಸಿಲ್ ಮತ್ತು ಮೂಗಿನ ಹಿಂದಿರುವ ಅಡಿನಾಯ್ಡ್ ಅಂಗಾಂಶ ತೆಗೆಯುವುದೇ ಸಾಮಾನ್ಯವಾಗಿ ಮೊದಲ ಚಿಕಿತ್ಸೆ.

ಮೂಗಿನ ನಡುಗೋಡೆ ಸರಿಪಡಿಸಿದರೆ ಆಪ್ನಿಯಾ ಅಷ್ಟರಿಂದಲೇ ಹೋಗುವುದು ಅಪರೂಪ. ಸಿಪ್ಯಾಪ್ ಅಥವಾ ದವಡೆ ಸಾಧನ ಸಹ್ಯವಾಗಲು ಅದು ನೆರವಾಗುತ್ತದೆ. ಎರಡೂ ದವಡೆ ಮೂಳೆ ಕತ್ತರಿಸಿ ಮುಂದೆ ಕೂರಿಸುವ ಶಸ್ತ್ರಚಿಕಿತ್ಸೆಯ ಯಶಸ್ಸು ಹೆಚ್ಚು, ಭಾರವೂ ಹೆಚ್ಚು: ವಾರಗಟ್ಟಲೆ ದ್ರವ ಮತ್ತು ಮೆತ್ತನೆ ಆಹಾರ, ಕೆಳತುಟಿ ಮತ್ತು ಗದ್ದದ ಮರಗಟ್ಟುವಿಕೆ, ಮುಖದ ಆಕಾರದಲ್ಲಿ ಬದಲಾವಣೆ.

ನಾಲಿಗೆಯ ನರ ಪ್ರಚೋದಕವನ್ನು ಎದೆಯ ಚರ್ಮದಡಿ ಕೂರಿಸುತ್ತಾರೆ. ನಿದ್ದೆಯಲ್ಲಿ ಅದು ಉಸಿರಿಗೆ ಹೊಂದಿಕೊಂಡು ನಾಲಿಗೆಯನ್ನು ಮುಂದೆ ತಳ್ಳುತ್ತದೆ. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 126 ರೋಗಿಗಳ ಮಧ್ಯಾಂಕ ಎಎಚ್‌ಐ 12 ತಿಂಗಳಲ್ಲಿ 29.3ರಿಂದ 9.0ಕ್ಕೆ ಇಳಿಯಿತು. ಆದರೆ ಮೃದು ಅಂಗುಳದ ಮಟ್ಟದಲ್ಲಿ ಗಂಟಲು ಸುತ್ತಲೂ ಮುಚ್ಚಿಕೊಳ್ಳುವವರನ್ನು, ಸೆಂಟ್ರಲ್ ಘಟನೆ ಹೆಚ್ಚಿರುವವರನ್ನು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) ತೀರಾ ಹೆಚ್ಚಿರುವವರನ್ನು ಇದಕ್ಕೆ ಆರಿಸುವುದಿಲ್ಲ. ಕೂರಿಸಿದ ದಿನವೇ ಅದು ಶುರುವಾಗುವುದೂ ಇಲ್ಲ. ಸುಮಾರು ಒಂದು ತಿಂಗಳ ನಂತರ ಚಾಲೂ ಮಾಡಿ, ಆಮೇಲೆ ಮಟ್ಟ ಹೊಂದಿಸುತ್ತಾರೆ. ಎಂಆರ್‌ಐ ಮಾಡಿಸುವ ಮೊದಲು ಸಾಧನದ ಮಾದರಿ ಹೇಳಲೇಬೇಕು.

## ಹಂತ 10: ಮರುಪರೀಕ್ಷೆ ಆಗುವವರೆಗೆ ಹಳೆಯದನ್ನು ಬಿಡಬೇಡಿ

ಯಾವ ದಾರಿ ಹಿಡಿದರೂ ಅದೇ ಚಿಕಿತ್ಸೆಯಲ್ಲಿರುವಾಗ ಸ್ಲೀಪ್ ಸ್ಟಡಿ ಮಾಡಿಸಿ. ದವಡೆ ಸಾಧನವಾದರೆ ಹೊಂದಾಣಿಕೆ ಮುಗಿದ ಮೇಲೆ, ವ್ಯಾಯಾಮವಾದರೆ 3 ತಿಂಗಳಿಗೆ, ಶಸ್ತ್ರಚಿಕಿತ್ಸೆಯಾದರೆ ಗಾಯ ಪೂರ್ತಿ ಮಾಗಿದ ಮೇಲೆ. ನೋಡಬೇಕಾದದ್ದು ಅಂಗಾತದ ಎಎಚ್‌ಐ ಮತ್ತು ಆಮ್ಲಜನಕ ಕುಸಿತ ಸೇರಿ ಎಲ್ಲವನ್ನೂ. ಬೆರಳಿನ ಉಂಗುರ, ಕೈಗಡಿಯಾರ, ಗೊರಕೆ ದಾಖಲಿಸುವ ಆ್ಯಪ್‌ಗಳಿಂದ ಏರಿಳಿತದ ಅಂದಾಜು ಸಿಗುತ್ತದೆ, ಗುಣವಾಯಿತೆಂಬ ಪುರಾವೆ ಸಿಗುವುದಿಲ್ಲ.

ಒಂದೇ ಚಿಕಿತ್ಸೆ ಸಾಲದಿದ್ದರೆ ಎರಡನ್ನು ಜೋಡಿಸಬಹುದು: ದವಡೆ ಸಾಧನದ ಜೊತೆ ಭಂಗಿ, ಅಥವಾ ಕಡಿಮೆ ಒತ್ತಡದ ಸಿಪ್ಯಾಪ್ ಜೊತೆ ದವಡೆ ಸಾಧನ. ಪ್ರಯಾಣದಲ್ಲಿ ಸಾಧನ, ಮನೆಯಲ್ಲಿ ಯಂತ್ರ ಎಂದು ಹಂಚಿಕೊಳ್ಳುವುದೂ ಸರಿಯೇ, ಎರಡೂ ಪರೀಕ್ಷೆಯಲ್ಲಿ ಪಾಸಾಗಿದ್ದರೆ.

## ಹಣ ಹಾಕಬಾರದ ಕಡೆ

ಬಾಯಿಗೆ ಟೇಪ್ ಅಂಟಿಸಿಕೊಳ್ಳುವುದು ಚಿಕಿತ್ಸೆಯಲ್ಲ, ಮೂಗು ಕಟ್ಟಿದವರಿಗೆ ಅಪಾಯ ಕೂಡ. ಮೂಗಿನ ಮೇಲೆ ಅಂಟಿಸುವ ಪಟ್ಟಿ ಉಸಿರು ಸಲೀಸಾಗಿಸುತ್ತದೆ, ಗಂಟಲಿನ ಕುಸಿತ ತಡೆಯುವುದಿಲ್ಲ. ಸಿಲಿಂಡರ್ ಆಮ್ಲಜನಕ ಅಂಕಿಯನ್ನು ಮೇಲೆತ್ತಬಹುದು, ಗಂಟಲನ್ನು ತೆರೆಯದು. ಕೆಲವರಲ್ಲಿ ಉಸಿರು ನಿಲ್ಲುವ ಹೊತ್ತನ್ನೇ ಹೆಚ್ಚಿಸುತ್ತದೆ. ಎಚ್ಚರವಾಗಿಡುವ ಮಾತ್ರೆಗಳು ತೂಕಡಿಕೆ ಮುಚ್ಚಿಹಾಕುತ್ತವೆ ಅಷ್ಟೆ.

## ಮತ್ತೆ ವೈದ್ಯರ ಬಳಿ ಹೋಗಬೇಕಾದ ಸೂಚನೆಗಳು

ಬೆಳಗಿನ ತಲೆನೋವು ಮರುಕಳಿಸಿದರೆ, ಔಷಧವಿದ್ದೂ ರಕ್ತದೊತ್ತಡ ಏರಿದರೆ, ರಾತ್ರಿ ಉಸಿರುಗಟ್ಟಿ ಎದ್ದರೆ, ಮೂತ್ರಕ್ಕೆ ಏಳುವುದು ಹೆಚ್ಚಾದರೆ, ಎಪ್ವರ್ತ್ ತೂಕಡಿಕೆ ಪ್ರಶ್ನಾವಳಿಯಲ್ಲಿ 24ಕ್ಕೆ 10ಕ್ಕಿಂತ ಹೆಚ್ಚು ಅಂಕ ಬಂದರೆ ಚಿಕಿತ್ಸೆ ಸಾಲುತ್ತಿಲ್ಲ. ಚಾಲನೆಯಲ್ಲಿ ಒಮ್ಮೆ ಕಣ್ಣು ಮುಚ್ಚಿದರೂ ಅಂದೇ ವಾಹನ ಬಿಟ್ಟು, ರಾತ್ರಿ ಹಳೆಯ ಯಂತ್ರವನ್ನೇ ಹಾಕಿಕೊಳ್ಳಿ. ಎದೆನೋವು, ಮಾತು ತೊದಲುವುದು, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿರುವುದು ತುರ್ತು ಚಿಕಿತ್ಸೆಯ ವಿಷಯ.

ಯಾವುದೇ ಅರಿವಳಿಕೆಗೆ ಮುನ್ನ, ಅದು ಚಿಕ್ಕ ಶಸ್ತ್ರಚಿಕಿತ್ಸೆಯೇ ಆಗಿರಲಿ, ಆಪ್ನಿಯಾ ಇದೆ ಎಂದೂ ಈಗ ಯಾವ ಸಾಧನ ಬಳಸುತ್ತಿದ್ದೀರಿ ಎಂದೂ ಹೇಳಿ, ಸಾಧನವನ್ನು ಆಸ್ಪತ್ರೆಗೆ ಒಯ್ಯಿರಿ. ತೂಕ ಏರಿದರೆ, ಹಲ್ಲು ಕೀಳಿಸಿದರೆ, ಋತುಬಂಧದ ನಂತರ ಲಕ್ಷಣ ಮರಳಿದರೆ ಹಂತ 2ರಿಂದ ಮತ್ತೆ ಶುರು ಮಾಡಿ.